ತಿಮ್ಮರಾಯಪ್ಪನವರ ಏಸಿಗೆ ಸೂಜಿಮದ್ದು

ಬಿಟಿಎಂ ಲೇಔಟಿನ ತಿಮ್ಮರಾಯಪ್ಪನವರು ಸೂಜಿ ಚುಚ್ಚದ ಡಾಕ್ಟರಿಗೆ ಮನಸಾರೆ ಫೀಜು ಕೊಟ್ಟವರಲ್ಲ. ಜ್ವರವೆಂದು ಹೋದಾಗ ನಾಲಿಗೆ ನೋಡಿ, ಎದೆಗೆ ಕೊಳವೆ ಇಟ್ಟು, ‘ಏನೂ ಇಲ್ಲ, ಗಂಜಿ ಕುಡಿದು ಮಲಗಿ’ ಎಂದವನು ಅವರ ಪಾಲಿಗೆ ಡಾಕ್ಟರೇ ಅಲ್ಲ.

“ಬರೀ ಮುಟ್ಟಿ ನೋಡಿದ್ದಕ್ಕೆ ಕಾಸಾ? ನಮ್ಮ ಹಸ ನೋಡಕ್ಕೆ ಬರ್ತಿದ್ದೋನೂ ಒಂದು ಗೊಟ್ಟ ಔಷಧಿ ಕುಡ್ಸಿ ಹೋಗ್ತಿದ್ದ ಕಣಯ್ಯ,” ಎಂದು ಕಾಂಪೌಂಡರಿನ ಮುಖಕ್ಕೇ ಹೇಳಿ ಬರುತ್ತಿದ್ದರು. ಚುಚ್ಚಿಸಿಕೊಂಡು ಬಂದ ದಿನ ಮಾತ್ರ ತೋಳು ಉಜ್ಜಿಕೊಳ್ಳುತ್ತಾ, ಕೊಟ್ಟ ದುಡ್ಡು ಮೈಗೆ ಹತ್ತಿತು ಎಂಬ ಸಮಾಧಾನದಲ್ಲಿ ಮನೆಗೆ ಬರುತ್ತಿದ್ದರು.

ಅವರನ್ನು ಜಿಪುಣರೆಂದರೆ ತಪ್ಪು. ಗಾರೆ ಕೆಲಸದವನಿಗೆ ಊಟ ಹಾಕಿಸಿ ಕೂಲಿ ಕೊಟ್ಟವರು, ಬಾಡಿಗೆ ಹುಡುಗರ ಬಲ್ಬು ಹೋದರೆ ತಾವೇ ತಂದು ಹಾಕಿದವರು. ಕೈಗೆ ಸಿಕ್ಕುವುದಕ್ಕೆ ಕೊಡಲು ಹಿಂದೆಮುಂದೆ ನೋಡುತ್ತಿರಲಿಲ್ಲ. ಕೈಗೆ ಸಿಕ್ಕದ್ದಕ್ಕೆ ಕೊಡಬೇಕೆಂದರೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಅದು ಅವರು ಬೆಳೆದ ರೀತಿ. ಮಡಿವಾಳದ ಕೆರೆಯ ಹಿಂದೆ ಅಪ್ಪನ ಕಾಲದ ತೋಟದಲ್ಲಿ ದಂಟು, ಸಬ್ಬಸಿಗೆ, ಕನಕಾಂಬರ ಬೆಳೆದು ಬೆಳಗಾಗುವ ಮುಂಚೆ ಮಾರ್ಕೆಟ್ಟಿಗೆ ಹೊತ್ತವರು. ಅಲ್ಲಿ ಬಂದವರೆಲ್ಲ ಕಟ್ಟು ಬಿಚ್ಚಿ ನೋಡುವವರೇ, ಮೂಸುವವರೇ, ಎಲೆ ಚಿವುಟಿ ಬಾಯಿಗೆ ಹಾಕಿಕೊಳ್ಳುವವರೇ. ನೋಡಿದ್ದಕ್ಕೆ ಒಬ್ಬರಾದರೂ ನಾಲ್ಕಾಣೆ ಕೊಟ್ಟದ್ದುಂಟೆ? ಸೊಪ್ಪು ಕೈಯಿಂದ ಕೈಗೆ ಹೋದರೆ ಕಾಸು. ಇಲ್ಲವಾದರೆ ಇಲ್ಲ.

ತೋಟದ ಮೇಲೆ ಲೇಔಟು ಬಂತು. ಕನಕಾಂಬರದ ಮಡಿ ಇದ್ದ ಕಡೆ ಈಗ ಇಡ್ಲಿ ಹೋಟೆಲು, ಬಾವಿ ಇದ್ದ ಕಡೆ ಹೆಣ್ಣುಮಕ್ಕಳ ಪೀಜಿ. ತಿಮ್ಮರಾಯಪ್ಪನವರು ಉಳಿಸಿಕೊಂಡ ಸೈಟಿನಲ್ಲಿ ಮೂರು ಅಂತಸ್ತು ಎಬ್ಬಿಸಿ, ಕೆಳಗಿನದನ್ನು ಅಂಗಡಿಗೆ, ನಡುವಿನದನ್ನು ಕಂಪನಿ ಹುಡುಗರಿಗೆ ಬಾಡಿಗೆಗೆ ಕೊಟ್ಟು, ತಾವು, ಹೆಂಡತಿ ಮುನಿಲಕ್ಷ್ಮಮ್ಮ ಮತ್ತು ತಾಯಿ ಅಕ್ಕಯಮ್ಮ ಮೇಲಿನದರಲ್ಲಿ ಉಳಿದರು. ತಂಪಾದ ಎರಡು ಮಹಡಿಗೆ ಬಾಡಿಗೆ ಚೆನ್ನಾಗಿ ಬರುತ್ತದೆ. ತಾರಸಿಯ ಕಾವು ನೆತ್ತಿಗೆ ಇಳಿಯುವ ಮಹಡಿ ಯಜಮಾನನ ಪಾಲಿಗೆ. ಈ ಊರಿನಲ್ಲಿ ಕಟ್ಟಡ ಕಟ್ಟಿಸಿದ ಎಷ್ಟೋ ಜನರ ಹಣೆಬರಹ ಇದೇ.

ಅಂಥ ಮನೆಗೆ ಏಸಿ ಬಂದದ್ದು ಶೋಕಿಗಲ್ಲ. ಎರಡು ಸಾವಿರದ ಮೂರನೇ ಇಸವಿಯ ಶಿವರಾತ್ರಿಗೆ ಮುಂಚೆ ಅಕ್ಕಯಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಹಾಸಿಗೆ ಹಿಡಿದ ಮೇಲೆ ಬೆನ್ನಿನ ಕೆಳಗೆ ಒಂದು ಹುಣ್ಣು ಎದ್ದಿತು. ಜಯನಗರದ ಡಾಕ್ಟರು ಅದನ್ನು ತೊಳೆದು ಪಟ್ಟಿ ಹಾಕಿ ಹೇಳಿದ್ದು ಒಂದೇ ಮಾತು: “ಬೆವರು ನಿಲ್ಲಬಾರದು. ಹಾಸಿಗೆ ಒದ್ದೆ ಆಯ್ತೋ, ಇದು ಮೂಳೆವರೆಗೂ ಇಳಿಯುತ್ತೆ.”

ಡಾಕ್ಟರು ಪಟ್ಟಿ ಹಾಕಿದ್ದರಿಂದ ತಿಮ್ಮರಾಯಪ್ಪನವರು ಅವರ ಮಾತನ್ನು ನಂಬಿದರು. ಮರುವಾರವೇ ಅಕ್ಕಯಮ್ಮನ ಕೋಣೆಗೆ ಏಸಿ ಕೂತಿತು. ತಣ್ಣನೆ ಗಾಳಿ ಬಿಡುವ ಉದ್ದನೆ ಪೆಟ್ಟಿಗೆ ಗೋಡೆಯ ಮೇಲೆ. ಕೋಣೆಯ ಬಿಸಿಯನ್ನೆಲ್ಲ ಹೊರಕ್ಕೆ ಊದುವ ದೊಡ್ಡ ಫ್ಯಾನಿನ ಪೆಟ್ಟಿಗೆ ತಾರಸಿಯ ಮೇಲೆ. ಹುಣ್ಣಿನ ಅಂಚು ಒಣಗತೊಡಗಿತು. ಅಕ್ಕಯಮ್ಮ ಕಂಬಳಿ ಕೇಳಿದರು. ಮಗನಿಗೆ ಜನ್ಮ ಸಾರ್ಥಕವಾಯಿತು.

ಯುಗಾದಿ ಕಳೆದು ಬಿಸಿಲು ಏರುತ್ತಿದ್ದಂತೆ ಏಸಿ ಕೈಕೊಟ್ಟಿತು. ಬೆಳಿಗ್ಗೆ ಸರಿಯಾಗಿರುತ್ತದೆ, ನಡುಮಧ್ಯಾಹ್ನ ಬರೀ ಫ್ಯಾನಿನ ಗಾಳಿ, ಅದೂ ಬೆಚ್ಚಗೆ. ಸಂಜೆ ಹೊತ್ತಿಗೆ ಅದಕ್ಕೇ ಜ್ಞಾನೋದಯವಾದಂತೆ ಮತ್ತೆ ತಂಪು.

ಮಡಿವಾಳ ಮಾರ್ಕೆಟ್ಟಿನ ಪಕ್ಕ ಫ್ರಿಜ್ಜು-ಏಸಿ ರಿಪೇರಿ ಅಂಗಡಿ ಇಟ್ಟಿದ್ದ ಸೀನುವಿಗೆ ಫೋನು ಹೋಯಿತು. ಅವನು ಬಂದ, ತಾರಸಿಗೆ ಹೋದ, ಇಳಿದ, ಕೋಣೆಯ ಪೆಟ್ಟಿಗೆಯ ಮುಂದೆ ಕೈ ಹಿಡಿದ.

“ಅಂಕಲ್, ಏಸಿ ಚೆನ್ನಾಗೇ ಇದೆ. ಕೂಲಿಂಗ್ ಸಖತ್ತಾಗಿ ಬರ್ತಿದೆ.”

“ಮಧ್ಯಾಹ್ನ ಬರ್ಲಿಲ್ಲ ಕಣಯ್ಯ.”

“ಈಗ ಬರ್ತಿದೆಯಲ್ಲ. ಏನೂ ಪ್ರಾಬ್ಲಮ್ ಇಲ್ಲ. ವಿಸಿಟಿಂಗ್ ಚಾರ್ಜ್ ಇನ್ನೂರು ಕೊಟ್ಬಿಡಿ.”

“ಏನಕ್ಕೆ?”

“ಬಂದು ನೋಡಿದ್ದಕ್ಕೆ.”

“ಬಂದಿದ್ದಕ್ಕಾ? ನಮ್ಮನೆಗೆ ಬೀಗ್ರು ಬಂದ್ರೂ ನಾನು ಕಾಸು ಕೊಡಲ್ಲ. ಒಂದು ಸ್ಕ್ರೂ ಬಿಚ್ಚಿದ್ಯಾ? ಒಂದು ತೊಟ್ಟು ಎಣ್ಣೆ ಬಿಟ್ಯಾ? ಸುಮ್ನೆ ಕೈ ತೋರಿಸ್ಬಿಟ್ಟು ಇನ್ನೂರು ಅಂತೀಯಲ್ಲ, ಯಾವ ಶಾಸ್ತ್ರದೋನಯ್ಯ ನೀನು?”

ಕಾಫಿ ಕುಡಿಸಿ ಐವತ್ತು ರೂಪಾಯಿ ಕೈಗಿಟ್ಟು ಕಳಿಸಿದರು. ಸೀನು ಕೆಳಗಿಳಿದು ಸ್ಕೂಟರನ್ನು ಒದ್ದ ಸದ್ದಿನಲ್ಲಿ ಉತ್ತರವಿತ್ತು, ಆದರೆ ಮೇಲಿನ ಮಹಡಿಗೆ ಅದು ಕೇಳಿಸಲಿಲ್ಲ.

ವಾರದೊಳಗೆ ಮತ್ತೆ ಅದೇ ಕಥೆ. ಈ ಸಲ ಸೀನು ಹೆಗಲ ಮೇಲೆ ಒಂದು ಸಿಲಿಂಡರು ಹೊತ್ತು ಬಂದ. ತಾರಸಿಯಿಂದ ಬುಸ್ ಎಂದು ನಾಗರಹಾವಿನಂಥ ಸದ್ದು ಕೇಳಿಸಿತು.

“ಗ್ಯಾಸ್ ಮುಗ್ದೋಗಿತ್ತು ಅಂಕಲ್. ಫುಲ್ ಹಾಕಿದ್ದೀನಿ. ಸಾವಿರದ ಎಂಟುನೂರು.”

ತಿಮ್ಮರಾಯಪ್ಪನವರು ನೂರರ ನೋಟುಗಳನ್ನು ಎಣಿಸಿ ನಗುನಗುತ್ತಾ ಕೊಟ್ಟರು. “ಇದಪ್ಪಾ ಕೆಲ್ಸ ಅಂದ್ರೆ. ಲೇ, ಇವ್ನಿಗೆ ಒಂದ್ ತಟ್ಟೆ ಅವಲಕ್ಕಿ ಕೊಡೇ.” ಸಿಲಿಂಡರು ಬಂತು, ಸದ್ದಾಯಿತು, ಏನೋ ಒಳಗೆ ಹೋಯಿತು. ಏಸಿಗೂ ಸೂಜಿ ಚುಚ್ಚಿದ ಹಾಗಾಯಿತು.

ಇಲ್ಲಿ ಕಥೆ ಒಂದು ಗಳಿಗೆ ನಿಲ್ಲಲಿ. ಮನೆಗೆ ಏಸಿ ಹಾಕಿಸಿದವರೆಲ್ಲ ಇದನ್ನು ಕಿವಿಗೊಟ್ಟು ಕೇಳಬೇಕು. ಏಸಿಯ ಗ್ಯಾಸು ಅಡುಗೆಮನೆಯ ಗ್ಯಾಸಲ್ಲ. ಅದು ಉರಿಯುವುದಿಲ್ಲ, ಖರ್ಚಾಗುವುದಿಲ್ಲ. ಬೆಸುಗೆ ಹಾಕಿ ಮುಚ್ಚಿದ ತಾಮ್ರದ ಕೊಳವೆಯೊಳಗೆ ಸುತ್ತಿದ್ದನ್ನೇ ಸುತ್ತುತ್ತಿರುತ್ತದೆ. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ತೂತಾಗಿದೆ ಎಂದರ್ಥ. ತೂತಾಗಿದ್ದರೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುವ ಜಾಗ ತೋರಿಸಲಿ, ಅದನ್ನು ಬೆಸೆಯಲಿ, ಆಮೇಲೆ ತುಂಬಲಿ. ತೂತು ತೋರಿಸದೆ ಗ್ಯಾಸು ಹಾಕುವವನೂ ಒಂದೇ, ಪಂಕ್ಚರ್ ಮುಚ್ಚದೆ ಸೈಕಲ್ಲಿಗೆ ಗಾಳಿ ಹೊಡೆಯುವವನೂ ಒಂದೇ. ಹಾಕುವ ಮುಂಚೆ ಮೀಟರು ಹಚ್ಚಿ ಒಳಗೆ ಎಷ್ಟಿದೆ ಎಂದು ತೋರಿಸು ಅನ್ನಿ. ತೋರಿಸಲು ಮೂಗು ಮುರಿದರೆ ಕಾಫಿ ಕೊಟ್ಟು ಕಳಿಸಿ. ಇಷ್ಟನ್ನು ಕೇಳಲು ಇಂಜಿನಿಯರಿಂಗ್ ಓದಬೇಕಾಗಿಲ್ಲ. ಆದರೆ ಯಾರು ಕೇಳುತ್ತಾರೆ? ಬುಸ್ ಅಂದರೆ ಸಾಕು, ನಮ್ಮ ಕೈ ತಾನಾಗಿ ಜೇಬಿಗೆ ಹೋಗುತ್ತದೆ.

ಸೂಜಿಮದ್ದಿನ ಗುಣ ಕೆಲವೇ ದಿನದಲ್ಲಿ ಇಳಿಯಿತು. ಸೀನು ಮತ್ತೆ ಬಂದ, ಮತ್ತೆ ಬುಸ್ ಅನ್ನಿಸಿದ, ಮತ್ತೆ ಅಷ್ಟೇ ತೆಗೆದುಕೊಂಡ. ಈ ಸಲ ಮಾತ್ರ ಏಸಿ ಮೊದಲಿಗಿಂತ ಬೇಗ, ಹನ್ನೊಂದು ಗಂಟೆಗೇ ಕಣ್ಣು ಮುಚ್ಚಿತು. ಅಕ್ಕಯಮ್ಮನ ಬೆನ್ನ ಕೆಳಗಿನ ಹಾಸುಬಟ್ಟೆ ಹಿಂಡಿದರೆ ನೀರು ಬರುವಷ್ಟು ಒದ್ದೆ. ಒಣಗಿದ್ದ ಅಂಚು ಮತ್ತೆ ಬಾಯಿ ಬಿಟ್ಟಿತು. ಪಟ್ಟಿ ಬದಲಿಸಲು ಬರುವ ನರ್ಸಮ್ಮ ಬೆನ್ನು ನೋಡಿ, ತಿಮ್ಮರಾಯಪ್ಪನವರನ್ನು ಪಡಸಾಲೆಗೆ ಕರೆದು, “ಹೀಗೇ ಆದ್ರೆ ಆಸ್ಪತ್ರೆಗೆ ಸೇರಿಸ್ಬೇಕಾಗತ್ತೆ ಸಾರ್. ಈ ವಯಸ್ಸಲ್ಲಿ ಸೇರಿಸಿದ್ರೆ...” ಎಂದು ಅರ್ಧಕ್ಕೇ ನಿಲ್ಲಿಸಿದರು. ಉಳಿದರ್ಧವನ್ನು ತಿಮ್ಮರಾಯಪ್ಪನವರು ಊಟಕ್ಕೆ ಕೂತಾಗಲೆಲ್ಲ ತಾವೇ ಪೂರ್ತಿ ಮಾಡಿಕೊಂಡರು.

ನಾಲ್ಕನೇ ಸಲ ಬಂದ ಸೀನು ತಲೆಯಾಡಿಸಿದ. “ಕಂಪ್ರೆಸರ್ ಹೋಗಿದೆ ಅಂಕಲ್. ಅದೇ ಏಸಿಗೆ ಹಾರ್ಟ್ ಇದ್ದಂಗೆ. ಒಂಬತ್ತು ಸಾವಿರ ಆಗುತ್ತೆ. ನಾಳೆ ಮಧ್ಯಾಹ್ನ ಮೇಲೆ ತಂದು ಹಾಕ್ಬಿಡ್ತೀನಿ.”

“ಹಳೇದನ್ನ ಏನ್ ಮಾಡ್ತೀಯಾ?”

“ಅದು ವೇಸ್ಟು. ನಾನೇ ತಗೊಂಡ್ ಹೋಗ್ತೀನಿ.”

ತಿಮ್ಮರಾಯಪ್ಪನವರ ಒಳಗಿದ್ದ ಸೊಪ್ಪಿನ ವ್ಯಾಪಾರಿ ಥಟ್ಟನೆ ಎದ್ದು ಕೂತ. ಬೇಡದ ವಸ್ತುವನ್ನು ಯಾರೂ ಮೂರು ಮಹಡಿ ಹೊತ್ತು ಇಳಿಸುವುದಿಲ್ಲ. “ಹಳೇದು ನಮ್ಮನೇಲೇ ಇರ್ಲಿ,” ಎಂದರು. ಸೀನುವಿನ ಮುಖ ಚಿಕ್ಕದಾಯಿತು. ಬಿಚ್ಚಿದ ಸಾಮಾನು ನಮ್ಮದು, ಮನೆಯಲ್ಲೇ ಉಳಿಯಲಿ ಎಂದರೆ ಎಷ್ಟೋ ಕಾಯಿಲೆಗಳು ಅಲ್ಲಿಗಲ್ಲಿಗೇ ವಾಸಿಯಾಗುತ್ತವೆ.

ಮಾರನೆಯ ದಿನ ಊಟದ ಹೊತ್ತಿಗೆ ನೀರು ಕುಡಿಯಲು ಫ್ರಿಜ್ಜಿನ ಬಾಗಿಲು ತೆರೆದವರು ತೆರೆದ ಹಾಗೇ ನಿಂತುಬಿಟ್ಟರು.

“ಲೇ, ಈ ಫ್ರಿಜ್ಜು ಯಾವಾಗ ತಂದಿದ್ದು?”

“ಬಿಂದುಶ್ರೀ ಹುಟ್ಟಿದ ವರ್ಷ,” ಎಂದರು ಮುನಿಲಕ್ಷ್ಮಮ್ಮ. ಬಿಂದುಶ್ರೀ ಎಂದರೆ ಅವರ ಮಗಳು, ಆಗಲೇ ಮೈಸೂರಿನ ಹಾಸ್ಟೆಲಿನಲ್ಲಿ ಕಾಲೇಜು ಓದುತ್ತಿದ್ದಳು.

“ಇದಕ್ಕೆ ಒಂದ್ಸಲನಾದ್ರೂ ಗ್ಯಾಸ್ ಹಾಕ್ಸಿದೀವಾ?”

“ಇದಕ್ಯಾಕೆ ಹಾಕಿಸ್ತಾರೆ? ಬಾಗ್ಲು ಹಾಕಿ, ಕರೆಂಟ್ ಸುಡುತ್ತೆ.”

ತಿಮ್ಮರಾಯಪ್ಪನವರು ಬಾಗಿಲು ಹಾಕಿದರು. ಫ್ರಿಜ್ಜಿನ ಗ್ಯಾಸು ಹುಡುಗಿ ಕಾಲೇಜು ಮುಟ್ಟಿದರೂ ಮುಗಿದಿಲ್ಲ, ಏಸಿಯದು ಅಮಾವಾಸ್ಯೆಯಿಂದ ಹುಣ್ಣಿಮೆಗೆ ಮುಗಿಯುತ್ತದೆ. ಅಕ್ಕಯಮ್ಮನ ಕೋಣೆಗೆ ಹೋಗಿ ನಿಂತರು. ಬೆಚ್ಚನೆ ಗಾಳಿ. ಮೇಲಿನ ಪೆಟ್ಟಿಗೆ ಏನು ಸದ್ದು ಮಾಡುತ್ತಿದೆಯೋ ಕಿವಿಯಾರೆ ಕೇಳಿ ಬರೋಣ, ತೋಟದ ಪಂಪ್‌ಸೆಟ್ಟಿನ ಕಾಯಿಲೆಯನ್ನು ಸದ್ದಿನಲ್ಲೇ ಹಿಡಿಯುತ್ತಿದ್ದವನಲ್ಲವೆ ನಾನು, ಎಂದುಕೊಂಡರು. ಮಂಡಿ ನೋವಿನ ದೆಸೆಯಿಂದ ತಾರಸಿ ಹತ್ತಿ ತಿಂಗಳುಗಳೇ ಆಗಿದ್ದವು. ಯಾರಿಗೂ ಹೇಳದೆ, ಗೋಡೆ ಹಿಡಿದುಕೊಂಡು ಹತ್ತಿದರು.

ತಾರಸಿಯಲ್ಲಿ ಏಸಿ ಪೆಟ್ಟಿಗೆ ಕಾಣಲಿಲ್ಲ. ಅದಿರಬೇಕಾದ ಜಾಗದಲ್ಲಿ ಒಂದು ಗುಡಾರವಿತ್ತು. ಮುನಿಲಕ್ಷ್ಮಮ್ಮನ ಎರಡು ಹಳೆಯ ವಾಯಿಲ್ ಸೀರೆಗಳನ್ನು ನೀರಿನ ಟ್ಯಾಂಕಿನ ಪೈಪಿಗೂ ಬಟ್ಟೆ ಹಗ್ಗಕ್ಕೂ ಬಿಗಿದು ಕಟ್ಟಿ, ಅಂಚಿಗೆ ಇಟ್ಟಿಗೆ ಹೇರಲಾಗಿತ್ತು. ಸೆರಗು ಎತ್ತಿದರೆ ಒಳಗಿನ ಝಳ ಮುಖಕ್ಕೆ ರಾಚಿತು. ಫ್ಯಾನಿನ ಜಾಲರಿಗೆ ಆತುಕೊಂಡು ಸಾಲಾಗಿ ಮೊರಗಳು. ಮೊರಗಳ ತುಂಬ ಸಂಡಿಗೆ. ಅರಳು ಸಂಡಿಗೆ, ಸಬ್ಬಕ್ಕಿ ಸಂಡಿಗೆ, ಬೂದುಗುಂಬಳದ ಸಂಡಿಗೆ. ಪೆಟ್ಟಿಗೆ ತಾನು ಊದಿದ ಬಿಸಿಗಾಳಿಯನ್ನು ತಾನೇ ಹೀರಿಕೊಳ್ಳುತ್ತಾ, ಕಂಬಳಿ ಹೊದ್ದು ಓಡುವ ಮುದುಕನ ಹಾಗೆ ಏದುಸಿರು ಬಿಟ್ಟು, ಅವರ ಕಣ್ಣೆದುರೇ ಟಕ್ ಎಂದು ನಿಂತಿತು.

ತಿಮ್ಮರಾಯಪ್ಪನವರಿಗೆ ಒಂದು ಹಳೆಯ ಮಳೆಗಾಲ ನೆನಪಾಯಿತು. ಪಂಪ್‌ಸೆಟ್ಟು ನೆನೆಯದಿರಲೆಂದು ಅಪ್ಪ ಓಡುವ ಮೋಟಾರಿಗೆ ಗೋಣಿ ಹೊದಿಸಿ ಸುಟ್ಟುಹಾಕಿದ್ದ ಮಳೆಗಾಲ. ಯಾರೂ ಏನೂ ವಿವರಿಸುವ ಅಗತ್ಯವಿರಲಿಲ್ಲ.

“ಮುನೀ!” ಎಂದು ಅವರು ಕೂಗಿದ್ದು ನಡುವಿನ ಮಹಡಿಯ ಹುಡುಗರಿಗೂ ಕೇಳಿಸಿತು.

ಮುನಿಲಕ್ಷ್ಮಮ್ಮ ಓಡಿ ಬಂದರು. ಗಂಡನನ್ನು ನೋಡಲಿಲ್ಲ, ಎತ್ತಿದ ಸೆರಗನ್ನು ನೋಡಿದರು. “ಅಯ್ಯೋ, ಮುಚ್ರೀ! ಧೂಳು ಬೀಳ್ತದೆ.”

“ಏನೇ ಇದು?”

“ಕಾಣ್ತಿಲ್ವಾ? ಸಂಡಿಗೆ. ರೋಡ್ ಅಗ್ದು ಅಗ್ದು ಬಿಸಿಲಲ್ಲಿಟ್ರೆ ಎಲ್ಲಾ ಮಣ್ಣು. ಮೇಲೆ ಕಾಗೆ ಕಾಟ ಬೇರೆ. ಇಲ್ಲಿ ನೋಡಿ, ಒಂದೇ ದಿನಕ್ಕೆ ಗರಿಗರಿ.”

“ಯಾವ ಮಹಾತಾಯಿ ಹೇಳ್ಕೊಟ್ಟಿದ್ದು ನಿಂಗೆ?”

“ನಿಮ್ಮವ್ವನೇ. ಮೇಲೆ ಬಿಸಿಗಾಳಿ ಹೊಡೀತದೆ ಅತ್ತೆ ಅಂದೆ. ಇಷ್ಟು ಕಾವು ದಂಡ ಮಾಡ್ತೀರಲ್ಲ, ಹೊಟ್ಟೆಗೆ ಅನ್ನ ತಿನ್ನಲ್ವಾ ಅಂತ ಬೈದ್ರು. ಹಿಟ್ಟಿಗೆ ಉಪ್ಪು ನೋಡ್ತಿರೋದೂ ಅವರೇ.”

“ಸೀನು ಬಂದಾಗೆಲ್ಲ ಇದು ಎಲ್ಲಿತ್ತು?”

“ಇಳಿಸಿ ಒಳಗಿಡ್ತಿದ್ದೆ. ಹಸಿ ಸಂಡಿಗೆ ಹೊರಗಿನೋರ ಕಣ್ಣಿಗೆ ಬೀಳಬಾರ್ದು, ಕೆಂಪಗಾಗ್ತದೆ, ಅರಳಲ್ಲ. ಅಷ್ಟೂ ಗೊತ್ತಿಲ್ವಾ ನಿಮ್ಗೆ?”

ಹೀಗಿತ್ತು ವಿಷಯ. ಮೆಕ್ಯಾನಿಕ್ಕು ಬರುತ್ತಾನೆ ಎಂದೊಡನೆ ಗುಡಾರ ಮಾಯ. ಉಸಿರಾಡಲು ಗಾಳಿ ಸಿಕ್ಕಿದ ಪೆಟ್ಟಿಗೆ ಅವನೆದುರು ಜಾಣಮಗುವಿನಂತೆ ಓಡುತ್ತದೆ. ಅವನ ಸ್ಕೂಟರು ತಿರುವು ದಾಟಿದ ಮೇಲೆ ಗುಡಾರ ಮತ್ತೆ ಏಳುತ್ತದೆ. ತುಂಬಿದ್ದ ಕೊಳವೆಗೇ ಎರಡು ಸಲ ಗ್ಯಾಸು ತುರುಕಿದ್ದರಿಂದ ಒತ್ತಡ ಹೆಚ್ಚಿ ಅದು ಇನ್ನೂ ಬೇಗ ನಿಲ್ಲುತ್ತಿದೆ. ಹಾರ್ಟು ಹೋಗಿಲ್ಲ. ಸುಟ್ಟುಹೋಗಬಾರದೆಂದು ಅದು ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತಿದೆ.

ತಿಮ್ಮರಾಯಪ್ಪನವರು ಒಂದೊಂದೇ ಮೊರ ಎತ್ತಿ ಹೆಂಡತಿಯ ಕೈಗೆ ಕೊಟ್ಟರು. ಕೊನೆಯ ಮೊರ ಎತ್ತಿದಾಗ ಜಾಲರಿ ಕಂಡಿತು. ಅದರ ಕಂಬಿಗಳಿಗೆ ಒಣಗಿದ ಅಕ್ಕಿಹಿಟ್ಟು, ಮೆಣಸಿನಕಾಯಿಯ ಬೀಜ, ಒಂದೆರಡು ಸಬ್ಬಕ್ಕಿ ಕಾಳು ಅಂಟಿಕೊಂಡಿದ್ದವು. ಅವರು ಅದನ್ನೇ ನೋಡುತ್ತಾ ನಿಂತರು. ನಾಲ್ಕು ಸಲ ಇದರ ಮುಂದೆ ಕೂತು ಎದ್ದವನಿಗೆ ಇದು ಕಾಣಿಸಲಿಲ್ಲವೆ?

ಅಷ್ಟರಲ್ಲಿ, ಹಿಂದಿನ ದಿನ ಹೇಳಿದಂತೆ, ಸೀನು ಚೀಲ ಹೊತ್ತು ತಾರಸಿಗೇ ಬಂದ. ಗುಡಾರ, ಮೊರ, ಹೆಂಗಸಿನ ಮುಖ, ಗಂಡಸಿನ ಮುಖ ಎಲ್ಲವನ್ನೂ ಒಂದು ಸುತ್ತು ನೋಡಿ ಚೀಲವನ್ನು ಮೆಲ್ಲಗೆ ಇಳಿಸಿದ.

“ಇದು ನಿಂಗೆ ಮುಂಚೇನೇ ಗೊತ್ತಿತ್ತಾ?” ಎಂದು ತಿಮ್ಮರಾಯಪ್ಪನವರು ಜಾಲರಿಯತ್ತ ಬೆರಳು ತೋರಿಸಿದರು.

ಸೀನು ಸುಳ್ಳು ಹೇಳಬಹುದಿತ್ತು. ಬಿಸಿಲಿನ ಝಳವೋ ಏನೋ, ಹೇಳಲಿಲ್ಲ. “ಎರಡನೇ ಸಲಕ್ಕೇ ಗೊತ್ತಾಯ್ತು ಅಂಕಲ್. ಏನೋ ಮುಚ್ತೀರಿ ಅಂತ.”

“ಬಾಯಿ ಬಿಟ್ಟು ಹೇಳಕ್ಕೇನಾಗಿತ್ತೋ ನಿಂಗೆ?”

“ಹೇಳಿದ್ರೆ ಎಷ್ಟು ಕೊಡ್ತಿದ್ರಿ?”

ತಿಮ್ಮರಾಯಪ್ಪನವರು ಜಾಲರಿಗೆ ಅಂಟಿದ್ದ ಒಂದು ಸಬ್ಬಕ್ಕಿ ಕಾಳನ್ನು ಉಗುರಿನಿಂದ ಕಿತ್ತರು.

“ಮೊದಲ್ನೇ ದಿನ ಏನೂ ಪ್ರಾಬ್ಲಮ್ ಇಲ್ಲ ಅಂತ ನಿಜ ಹೇಳ್ದೆ. ಐವತ್ತು ರೂಪಾಯಿ ಕೊಟ್ಟು ಕಳಿಸಿದ್ರಿ. ಪೆಟ್ರೋಲ್ಗೇ ಆಗ್ಲಿಲ್ಲ. ಸಿಲಿಂಡರ್ ಹೊತ್ಕೊಂಡ್ ಬಂದ ದಿನ ಅವಲಕ್ಕಿ ಕೊಟ್ರಿ. ನಿಮ್ಮೊಬ್ಬರನ್ನೇ ಅಂತಿಲ್ಲ ಅಂಕಲ್, ಎಲ್ರೂ ಹಿಂಗೇ. ನೋಡಿ ಹೇಳ್ದೋನಿಗೆ ಯಾರೂ ಕೊಡಲ್ಲ. ಬುಸ್ ಅನ್ನಿಸ್ದೋನಿಗೆ ಕೊಡ್ತಾರೆ.”

ಮಾತು ಸುಳ್ಳಲ್ಲ. ಆದರೆ ನಿಜ ಹೇಳಿಬಿಟ್ಟೆ ಎಂದ ಮಾತ್ರಕ್ಕೆ ಮಾಡಿದ ಮೋಸ ಮಾಫಿ ಆಗುವುದಿಲ್ಲ. ತಿಮ್ಮರಾಯಪ್ಪನವರು ಅವನ ರಟ್ಟೆ ಹಿಡಿದು, “ಬಾ ಇಲ್ಲಿ,” ಎಂದು ಮೆಟ್ಟಿಲಿಳಿಸಿ ಅಕ್ಕಯಮ್ಮನ ಕೋಣೆಗೆ ಕರೆದೊಯ್ದರು. ಮುದುಕಿ ಗೋಡೆಗೆ ಮುಖ ಮಾಡಿ ನಿದ್ದೆ ಹೋಗಿದ್ದರು. ಮಗ ಹೊದಿಕೆ ಸರಿಸಿ, ಒದ್ದೆ ಪಟ್ಟಿಯ ಒಂದು ಅಂಚನ್ನು ಎತ್ತಿದರು.

“ನೋಡು. ಚೆನ್ನಾಗಿ ನೋಡು. ನಾನು ಐವತ್ತು ಕೊಟ್ಟೆ ಅಂತ ನೀನು ಬಾಯಿ ಮುಚ್ಕೊಂಡ್ಯಲ್ಲ, ಅಷ್ಟು ದಿನದಲ್ಲಿ ಆಗಿರೋದು ಇದು.”

ಸೀನು ಒಮ್ಮೆ ನೋಡಿದ. ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡಿದ. ತಾರಸಿಗೆ ಹೋಗಿ, ಮೊದಲ ಸಲ ಚೀಲದಿಂದ ಮೀಟರು ತೆಗೆದು ಹಚ್ಚಿ, ಹೆಚ್ಚಾಗಿದ್ದ ಗ್ಯಾಸನ್ನು ಬಿಟ್ಟ. ಜಾಲರಿಯ ಹಿಟ್ಟನ್ನು ಬ್ರಷ್ಷಿನಿಂದ ಉಜ್ಜಿದ. ಕೋಣೆಯ ಪೆಟ್ಟಿಗೆಯ ಫಿಲ್ಟರನ್ನು ಬಿಚ್ಚಿ ನಲ್ಲಿಯ ಕೆಳಗೆ ಹಿಡಿದು, “ಇದನ್ನ ಹದಿನೈದು ದಿನಕ್ಕೊಂದ್ಸಲ ನೀವೇ ತೊಳ್ಕೊಳ್ಳಿ ಆಂಟಿ. ಇದಕ್ಕೆ ಯಾರನ್ನೂ ಕರೀಬೇಡಿ,” ಎಂದು ಮುನಿಲಕ್ಷ್ಮಮ್ಮನಿಗೆ ತೋರಿಸಿದ. ಕಂಪ್ರೆಸರಿನ ಮಾತು ಯಾರ ಬಾಯಿಂದಲೂ ಬರಲಿಲ್ಲ.

ಹೊರಡುವಾಗ ತಿಮ್ಮರಾಯಪ್ಪನವರು ನೂರೈವತ್ತು ರೂಪಾಯಿ ಮುಂದೆ ಹಿಡಿದರು. “ಮೊದಲ್ನೇ ದಿನದ್ದು. ನೋಡಿದ್ದಕ್ಕೆ. ಇನ್ನು ಗ್ಯಾಸಿಗೆ ಅಂತ ಎರಡು ಸಲ ಇಸ್ಕೊಂಡ್ಯಲ್ಲ, ಅದನ್ನ ತಂದ್ಕೊಡು.”

“ಕೊಡ್ತೀನಿ ಅಂಕಲ್, ಸ್ವಲ್ಪ ಟೈಮ್ ಕೊಡಿ,” ಎಂದ ಸೀನು. ಎಷ್ಟೋ ಸಲ ಕೇಳಿದ ಮೇಲೆ ಅರ್ಧ ಕೊಟ್ಟ. ಇನ್ನರ್ಧ ಇವತ್ತಿಗೂ ಬಂದಿಲ್ಲ. ತಿಮ್ಮರಾಯಪ್ಪನವರು ಮಡಿವಾಳದ ಕಡೆ ಹೋದಾಗಲೆಲ್ಲ ಅವನ ಅಂಗಡಿಯ ಮುಂದೆ ನಿಂತು ಗಟ್ಟಿಯಾಗಿ ಕೆಮ್ಮಿ ಬರುತ್ತಾರೆ. ಗ್ಯಾರಂಟಿ ಕಾರ್ಡು ಇತ್ತಲ್ಲ, ಕಂಪನಿಯವರನ್ನೇ ಕರೆಯಬಹುದಿತ್ತಲ್ಲ ಎಂದು ನಡುಮಹಡಿಯ ಹುಡುಗನೊಬ್ಬ ಕೇಳಿದಾಗ ಅವರು ಬೀರು ತೆಗೆದರು. ಸೀಲು ಹಾಕಿದ ಕಾರ್ಡು ಪ್ಲಾಸ್ಟಿಕ್ ಕವರಿನೊಳಗೆ ಮುಟ್ಟದ ಹಾಗೆ ಇತ್ತು. ಅಷ್ಟೂ ದಿನ ಪೂಜೆಗಿಟ್ಟ ಹಾಗೆ ಅದನ್ನು ಬೀರುವಿನಲ್ಲಿ ಇಟ್ಟು, ರಸ್ತೆಯವನನ್ನು ಕರೆಸಿದ್ದರು. ಇದಕ್ಕೆ ಯಾರನ್ನು ಬೈಯುವುದು?

ಅಂದು ಸಂಜೆಯಿಂದ ಏಸಿ ನಿಲ್ಲಲಿಲ್ಲ. ವಾರ ಕಳೆಯುವಷ್ಟರಲ್ಲಿ ನರ್ಸಮ್ಮ ಪಟ್ಟಿ ಬಿಚ್ಚಿ, “ಒಣಗ್ತಾ ಇದೆ, ಪರವಾಗಿಲ್ಲ,” ಎಂದರು. ತಿಮ್ಮರಾಯಪ್ಪನವರು ಕೇಳದೆಯೇ ಅವರ ಕೈಗೆ ಇಪ್ಪತ್ತು ರೂಪಾಯಿ ಹೆಚ್ಚು ಇಟ್ಟಾಗ ಮುನಿಲಕ್ಷ್ಮಮ್ಮ ಬಾಗಿಲ ಸಂದಿಯಿಂದ ಕಣ್ಣರಳಿಸಿ ನೋಡಿದರು. ಆ ದಿನ ನರ್ಸಮ್ಮ ಸೂಜಿ ಚುಚ್ಚಿರಲಿಲ್ಲ.

ತಾಯಿಗೆ ಮಾತ್ರ ಮಗ ಏನನ್ನೂ ಹೇಳಲಿಲ್ಲ. ಹಾಸಿಗೆಯಲ್ಲಿ ಬಿದ್ದುಕೊಂಡು, ಬೆರಳ ತುದಿಯ ಹಿಟ್ಟನ್ನು ನಾಲಿಗೆಗೆ ಮುಟ್ಟಿಸಿ ಉಪ್ಪು ಸಾಲದು ಎನ್ನುವುದೊಂದೇ ಆ ಜೀವಕ್ಕೆ ಉಳಿದಿದ್ದ ಯಜಮಾನಿಕೆ. ನಿನ್ನ ಬೆನ್ನನ್ನು ನೀನೇ ಬೇಯಿಸಿಕೊಂಡೆ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗಿತ್ತು? ಅರ್ಧ ಒಣಗಿದ್ದ ಸಂಡಿಗೆಯನ್ನು ಮುನಿಲಕ್ಷ್ಮಮ್ಮ ತಾರಸಿಯ ಇನ್ನೊಂದು ಮೂಲೆಯ ಬಿಸಿಲಿಗೆ ಹಾಕಿ, ಕಾಗೆ ಓಡಿಸುತ್ತಾ ಕೂತರು. ಕರಿದಾಗ ಅದು ಕೆಂಪಗಾಗಿ ಮುದುಡಿಕೊಂಡಿತು.

ಅಕ್ಕಯಮ್ಮ ಒಂದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು.

“ಯಾರೋ ನೋಡ್ಬಿಟ್ಟವ್ರೆ ಕಣ್ಲಾ ತಿಮ್ಮ, ಹಸಿ ಇರುವಾಗ್ಲೇ. ಯಾವ ಪಾಪಿ ಕಣ್ಣು ಬಿತ್ತೋ.”

ತಿಮ್ಮರಾಯಪ್ಪನವರು ಕಂಬಳಿಯನ್ನು ತಾಯಿಯ ಕಾಲ ಮೇಲೆ ಎಳೆದರು.

“ನಂದೇ ಕಣವ್ವ,” ಎಂದರು. “ಸ್ವಲ್ಪ ತಡವಾಗಿ ಬಿತ್ತು.”